ಕೊನೆಯ ಗುಟುಕು

ಜನವರಿಯ ಚಳಿಯ ಮಧ್ಯಾಹ್ನ, ಸ್ಪೇನಿನ ಓವಿಯೆಡೊದ ಸೇಬಿನ ಮದ್ಯದಂಗಡಿಯಲ್ಲಿ ಒಬ್ದುಲಿಯಾ ತನಗೆ ಬೇರೆ ಲೋಟ ಕೇಳಿದಳು. ಕ್ಷಯ ಪೂರ್ತಿ ವಾಸಿಯಾಗಿ ವರ್ಷ ಕಳೆದಿದ್ದರೂ ಮನೆಯಲ್ಲಿ ಅವಳ ಲೋಟ ಇನ್ನೂ ಬೇರೆಯೇ ಇತ್ತು. ಮೂರು ದಿನ ತಿರುಗಾಡಿ ಬರೋಣವೆಂದು ಕರೆತಂದಿದ್ದ ನಾದಿನಿ ನಿಯೆವೆಸ್ ಪಕ್ಕದಲ್ಲೇ ನಿಂತಿದ್ದಳು.

"ಇಲ್ಲಿ ಜೊತೆಗೆ ಬಂದೋರಿಗೆಲ್ಲ ಒಂದೇ ಲೋಟ ಕಣಮ್ಮಾ," ಎಂದು ಅಂಗಡಿಯಲ್ಲಿ ಮದ್ಯ ಸುರಿಯುವ ಟೆಲ್ಮೊ ಸೀಸೆಯನ್ನು ತಲೆಗಿಂತ ಮೇಲೆತ್ತಿ, ಸೊಂಟದ ಕೆಳಗೆ ಹಿಡಿದ ಲೋಟಕ್ಕೆ ಸಣ್ಣ ಧಾರೆ ಬಿಟ್ಟ. "ನೊರೆ ಆರೋದ್ರೊಳಗೆ ಕುಡೀರಿ. ಕೊನೇ ಗುಟುಕು ಉಳಿಸಿ, ಬಾಯಿಟ್ಟ ಕಡೆಯಿಂದ ನೆಲಕ್ಕೆ ಚೆಲ್ಲಿ. ಲೋಟ ತೊಳೆದ ಹಾಗಾಯ್ತು."

ಒಬ್ದುಲಿಯಾ ಕುಡಿದಳು. ಕೊನೆಯ ಗುಟುಕು ಉಳಿಸಿಕೊಂಡು, "ಇಷ್ಟರಲ್ಲಿ ತೊಳೆದ ಹಾಗಾಗತ್ತಾ? ಬಿಸಿನೀರು ಕೊಡಪ್ಪಾ," ಎಂದಳು.

"ಇತ್ಲಾಗೆ ಕೊಡಿ ಅತ್ತಿಗೆ." ನಿಯೆವೆಸ್ ಲೋಟ ಕಸಿದುಕೊಂಡು ಆ ಗುಟುಕನ್ನೇ ಕುಡಿದುಬಿಟ್ಟಳು.

"ಅದು ಚೆಲ್ಲೋದಕ್ಕಮ್ಮಾ," ಎಂದು ಟೆಲ್ಮೊ ನಕ್ಕ.

"ಗೊತ್ತು. ನೀನು ಸುರಿ."

ಒಬ್ದುಲಿಯಾ ನಾದಿನಿಯ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಭಾನುವಾರ ಇಬ್ಬರೂ ಊರಿಗೆ ಹೊರಟರು.