ದೇವಿರಮ್ಮನ ಎರಡನೆಯ ಫೋಟೊ

ಷೋಕೇಸಿನ ಗಾಜಿಗೆ ಯಾರೋ ಅಂಗೈಯಿಂದ ಬಡಿದ ಸದ್ದಿಗೆ ಷಡಕ್ಷರಿ ಸ್ಟುಡಿಯೊದ ಒಳಗಿನಿಂದ ಓಡಿಬಂದ. ಹೊರಗೆ ಮೇಟಗಳ್ಳಿಯ ಮಹದೇವು ನಿಂತಿದ್ದ. ಅವನ ಹಿಂದೆ, ತಲೆತುಂಬ ಸೆರಗು ಹೊದ್ದು, ತೀರಿಹೋದ ಅವನ ತಮ್ಮನ ಹೆಂಡತಿ ದೇವಿರಮ್ಮ. ಲಷ್ಕರ್ ಮೊಹಲ್ಲಾದ ಬೀದಿಯಲ್ಲಿ ಹೋಗುತ್ತಿದ್ದವರು ಆಗಲೇ ನಿಂತು ನೋಡತೊಡಗಿದ್ದರು.

"ನಮ್ಮನೆ ಹೆಣ್ಮಗಳ ಮೊಕಾನ ಬೀದಿಗಿಟ್ಟಿದ್ದೀರಲ್ಲ ಸ್ವಾಮಿ, ಯಾರನ್ನ ಕೇಳಿ ಇಟ್ರಿ?"

ಷಡಕ್ಷರಿ ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದ. ಕೇಳದೆ ಇಟ್ಟದ್ದು ನಿಜ. ಗಂಡ ಕಾಶ್ಮೀರದ ಕಾಳಗದಲ್ಲಿ ಸತ್ತ ಮೇಲೆ, ಸರ್ಕಾರದ ಕಾಗದಕ್ಕೆ ಫೋಟೊ ಬೇಕೆಂದು ಮಹದೇವುವೇ ಆಕೆಯನ್ನು ಕರೆತಂದಿದ್ದ. ಎರಡು ದೀಪ ಹಚ್ಚಿ ಆ ಫೋಟೊ ತೆಗೆದಾಗಿತ್ತು. ಏಳಲು ಹೊರಟವಳ ಕಣ್ಣು ಕಂಡು ಷಡಕ್ಷರಿಗೆ ಮನಸ್ಸು ತಡೆಯಲಿಲ್ಲ. ಎದುರಿನ ದೀಪ ಆರಿಸಿ, ಪಕ್ಕದ್ದೊಂದನ್ನೇ ಉಳಿಸಿ, ತನಗಾಗಿ ಇನ್ನೊಂದು ತೆಗೆದ. ಒಂದು ಕೆನ್ನೆ ಪೂರಾ ಕತ್ತಲಿಗೆ ಹೋಗಿ, ಈಚೆಯ ಹುಬ್ಬು, ಕಣ್ಣು, ಬಿಗಿದ ತುಟಿ ಮಾತ್ರ ಉಳಿದಿದ್ದವು. ಅದಕ್ಕೆ ಚೌಕಟ್ಟು ಹಾಕಿಸಿ, ಕೆಳಗೆ ‘ಶೋಕ’ ಎಂದು ಚೀಟಿ ಅಂಟಿಸಿ ಷೋಕೇಸಿನಲ್ಲಿಟ್ಟಿದ್ದ. ತನ್ನ ಕೈಯಲ್ಲಿ ಇದಕ್ಕಿಂತ ಒಳ್ಳೆಯದು ಆಗಲಾರದೆಂದು ಅವನಿಗೇ ಅನಿಸಿತ್ತು.

ತಪ್ಪಾಯಿತೆಂದು ಹೇಳಿ ಚಿತ್ರವನ್ನು ಷೋಕೇಸಿನಿಂದ ತೆಗೆದು ಮೇಜಿನ ಮೇಲಿಟ್ಟ. ನೋಡಿದವರು ಯಾರೂ ಹಗುರವಾಗಿ ಮಾತಾಡಿಲ್ಲ, ಚಿತ್ರಕ್ಕೆ ಕೈಮುಗಿದು ಹೋಗುತ್ತಾರೆ ಎಂದ. ಮಹದೇವು ಕೇಳಲಿಲ್ಲ, ತನ್ನ ಕಣ್ಣೆದುರೇ ಅದನ್ನು ಸುಡಬೇಕೆಂದು ಹಟ ಹಿಡಿದ.

ದೇವಿರಮ್ಮ ಮುಂದೆ ಬಂದು ಮೇಜಿನ ಮೇಲೆ ಬಾಗಿದಳು. ಬಹಳ ಹೊತ್ತು ನೋಡಿ, ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ಷಡಕ್ಷರಿ ಓದಿ ಹೇಳಿದ.

"ಅಲ್ಲ ಸ್ವಾಮಿ. ಅವತ್ತು ನಂಗೆ ಅಳು ಬಂದಿರ್ಲಿಲ್ಲ. ಹೆದ್ರಿದ್ದೆ."

ಮಹದೇವು ಬಾಯಿ ಮುಚ್ಚು ಎಂದ. ಅವಳು ಮುಚ್ಚಲಿಲ್ಲ.

"ನೀವು ದೀಪ ಆರಿಸ್ದಾಗ ಇವ್ರು ನಿಮ್ ಪಕ್ಕದಲ್ಲೇ ನಿಂತಿದ್ರು. ನಮ್ಮನೆಯವ್ರ ಪಾಲಿನ ಜಮೀನು ಬರ್ಕೊಡೋ ಕಾಗದಕ್ಕೆ ಹೆಬ್ಬೆಟ್ಟು ಒತ್ತದಿದ್ರೆ ಕೆರೆಗೆ ನೂಕ್ತೀನಿ ಅಂತ ದಾರಿ ಉದ್ದಕ್ಕೂ ಹೇಳ್ಕೊಂಡು ಬಂದಿದ್ರು. ಇನ್ನೂ ಒತ್ತಿಲ್ಲ."

ಷಡಕ್ಷರಿ ಚಿತ್ರದ ಕಡೆ ತಿರುಗಿದ. ದಿನವೂ ನೋಡಿದ್ದ ಮುಖವೇ. ಆ ಕಣ್ಣು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಅದರ ಬಲಕ್ಕೆ, ಆಳೆತ್ತರದಲ್ಲಿ ನೆಟ್ಟಿತ್ತು. ತಾನು ಬೆಳಕು ಹೊಂದಿಸುವುದರಲ್ಲಿ ಮುಳುಗಿ ಇಷ್ಟನ್ನು ಕಾಣಲಿಲ್ಲವಲ್ಲ ಎಂದುಕೊಂಡ.

"ನಡಿ ಮನೆಗೆ," ಎಂದು ಮಹದೇವು ಆಕೆಯ ರಟ್ಟೆಗೆ ಕೈ ಹಾಕಿದ. ಷಡಕ್ಷರಿ ಜಗಳ ಕಂಡವನಲ್ಲ. ಆದರೂ ನಡುವೆ ಬಂದು ನಿಂತ. ನೆಗೆಟಿವ್ ಒಳಗೆ ಭದ್ರವಾಗಿದೆ, ಈಕೆಯ ಮೈಮುಟ್ಟಿದರೆ ಸಂಜೆಯೊಳಗೆ ಇಂಥ ಹತ್ತು ಚಿತ್ರ ಮಾಡಿ, ಕಣ್ಣು ಯಾರನ್ನು ನೋಡುತ್ತಿದೆ ಎಂದು ಕೆಳಗೆ ಬರೆದು ಮೇಟಗಳ್ಳಿಯ ಮನೆಮನೆಗೂ ಕೊಡುತ್ತೇನೆ ಎಂದು ಮೆಲ್ಲಗೆ ಹೇಳಿದ.

ಮಹದೇವುವಿನ ಹಿಡಿತ ಸಡಿಲವಾಯಿತು. ಹಾಗಾದರೆ ಇದೊಂದನ್ನಾದರೂ ತನಗೆ ಕೊಡಬೇಕೆಂದು ಮೇಜಿನತ್ತ ಕೈ ಮಾಡಿದ. ಷಡಕ್ಷರಿ ದೇವಿರಮ್ಮನ ಮುಖ ನೋಡಿದ.

"ಕೊಟ್ಬುಡಿ," ಎಂದಳು ಅವಳು. "ಆ ಮೊಕ ಅವ್ರ ಮನೆಗೆ ಹೋಗ್ಲಿ. ನಾನು ಇಲವಾಲಕ್ಕೆ, ನಮ್ಮಣ್ಣನ ಮನೆಗೆ ಹೋಯ್ತೀನಿ."

ಬಾಗಿಲು ತೆಗೆದು ಬಿಸಿಲಿಗಿಳಿದಳು. ಮಹದೇವು ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದು ಹೊಸ್ತಿಲಲ್ಲೇ ನಿಂತ. ಬೀದಿಯ ತುಂಬ ಜನ. ಅದನ್ನು ಯಾವ ಕಡೆ ಮುಖ ಮಾಡಿ ಹಿಡಿದುಕೊಂಡು ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ.