ಭಾಷೆ ಬಾರದ ಊರು

ಅಜ್ಜಿಯ ಬಲಮಂಡಿಗೆ ದೊಡ್ಡ ಡಾಕ್ಟರು ಆಗಲೇ ನೀಲಿ ಪೆನ್ನಿನಲ್ಲಿ ಗುರುತು ಹಾಕಿಬಿಟ್ಟಿದ್ದರು. ಮಾರನೆಯ ಬೆಳಿಗ್ಗೆ ಆಪರೇಷನ್. ಹಳೆಯ ಮಂಡಿ ತೆಗೆದು ಹೊಸದನ್ನು ಕೂರಿಸುವುದು. ಎಕ್ಸ್-ರೇಯಲ್ಲಿ ಸವೆತ ಕಂಡಿತ್ತು, ನೋವಿನ ಪುರಾಣವನ್ನೆಲ್ಲ ಮಗ ಒಪ್ಪಿಸಿದ್ದ. ಇನ್ನೇನು ಬೇಕು?

ಮಂಚದ ಆಚೆ ಬದಿಗೆ ಇಬ್ಬರು ಕಿರಿಯ ಡಾಕ್ಟರು. ಒಬ್ಬಳು ತರಬೇತಿಗೆಂದು ಪರದೇಶದ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಮೊನ್ನೆ ಮೊನ್ನೆ ಮರಳಿದವಳು; ವಾರ್ಡೆಲ್ಲ ಅವಳನ್ನು ‘ಫಾರಿನ್’ ಎಂದೇ ಕರೆಯುತ್ತಿತ್ತು. ಇನ್ನೊಬ್ಬ, ತಾನೂ ಅಲ್ಲಿಗೆ ಹೋಗಬೇಕೆಂದು ಅಪ್ಪಣೆ ಕೇಳಿ ದೊಡ್ಡ ಡಾಕ್ಟರ ಮುಖ ನೋಡುತ್ತ ನಿಂತವನು.

“ಹೋಗಿ ಏನಪ್ಪಾ ಮಾಡ್ತೀಯ?” ಎಂದರು ಅವರು. “ಇವಳನ್ನೇ ಕೇಳು. ಅವರ ಭಾಷೆ ಇವಳಿಗೆ ಬರಲ್ಲ, ಇವಳ ಭಾಷೆ ಅವರಿಗೆ ಬರಲ್ಲ. ಬಾಯಿಗೆ ಬೀಗ ಹಾಕ್ಕೊಂಡು ಏನು ಕಲಿಯೋದು? ಇಲ್ಲಿ ಬೆಟ್ಟದಷ್ಟು ಕೆಲಸ ಬಿದ್ದಿದೆ.”

ಫಾರಿನ್ ನಕ್ಕಳು. ಹಿರಿಯರ ಮಾತು, ನಗದೆ ಏನು ಮಾಡಿಯಾಳು? ಆಮೇಲೆ ಅಜ್ಜಿಯ ಕಡೆ ತಿರುಗಿ, “ನೋವು ಎಲ್ಲಿ ಅಜ್ಜಿ?” ಎಂದಳು.

“ಮಂಡೀಲಿ ಮೇಡಂ,” ಎಂದ ಮಗ. “ಮೆಟ್ಟಿಲು ಹತ್ತೋಕಾಗಲ್ಲ, ನಿದ್ದೆ ಇಲ್ಲ, ಮುಲಾಮು ತಿಕ್ಕಿ ತಿಕ್ಕಿ ನನ್ನ ಕೈಯೇ ಸೋತುಹೋಯ್ತು...” ಒಳ್ಳೆಯ ಮಗನೇ, ಇಲ್ಲವೆನ್ನಲಾಗದು. ಆದರೆ ಅಮ್ಮನ ಬಾಯನ್ನೂ ತಾನೇ ಹೊತ್ತು ತಿರುಗುವ ಜಾತಿ.

“ಅಣ್ಣಾ, ಒಂದು ನಿಮಿಷ ನೀವೂ ಮಾತಾಡಬೇಡಿ, ನಾನೂ ಮಾತಾಡಲ್ಲ,” ಎಂದು ಫಾರಿನ್ ಮಂಚದ ಮೇಲಿದ್ದ ಕಾಲ್ಚೀಲಗಳನ್ನು ಅಜ್ಜಿಯ ಕೈಗಿಟ್ಟು, ಹಾಕಿಕೊಳ್ಳಿ ಎಂದು ಸನ್ನೆ ಮಾಡಿದಳು. ದೊಡ್ಡ ಡಾಕ್ಟರ ಹುಬ್ಬು ಮೇಲೇರಿತು. ಗುರುತು ಹಾಕಿದ ಮೇಲೂ ಪರೀಕ್ಷೆಯೇ? ಹುಡುಗಿಯ ಎದೆಗಾರಿಕೆ ಮೆಚ್ಚಬೇಕು.

ಅಜ್ಜಿ ಮಂಚದ ಅಂಚಿಗೆ ಕೂತು, ಎಡಗಾಲನ್ನು ಬಲತೊಡೆಯ ಮೇಲೆ ತಂದುಕೊಂಡು ಸಲೀಸಾಗಿ ಕಾಲ್ಚೀಲ ಏರಿಸಿದರು. ಆಮೇಲೆ ಬಲಗಾಲು. ಮಂಡಿ ಚೆನ್ನಾಗಿಯೇ ಮಡಚಿಕೊಂಡಿತು. ಆದರೆ ತೊಡೆ ಮಾತ್ರ ಪಕ್ಕಕ್ಕೆ ಹೊರಳಲೊಲ್ಲದು. ಮುಖ ಕಿವುಚಿಕೊಂಡ ಅಜ್ಜಿಯ ಕೈ ಮಂಡಿಗೆ ಹೋಗಲಿಲ್ಲ, ತೊಡೆಸಂದಿಗೆ ಹೋಯಿತು. ಕಾಲ್ಚೀಲ ಕೆಳಗೆ ಬಿತ್ತು.

ಫಾರಿನ್ ಅದನ್ನೆತ್ತಿಕೊಳ್ಳುತ್ತ ಮೆಲ್ಲಗೆ ಅಂದಳು, “ಸರ್, ಸೊಂಟದ ಕೀಲು ಅನ್ಸುತ್ತೆ. ನೋವು ಮಂಡಿಗೆ ಇಳಿದು ಬರ್ತಿದೆ. ಅಲ್ಲಿ ನಂಗೆ ಕೇಳೋಕೆ ಬಾಯೇ ಇರಲಿಲ್ಲ. ರೋಗಿಗಳು ಕಾಲ್ಚೀಲ ಹಾಕೋದು, ಕುರ್ಚಿಯಿಂದ ಏಳೋದು, ಇದನ್ನೇ ನೋಡ್ತಾ ಕೂರ್ತಿದ್ದೆ. ಮೊದಲು ನೋಡು, ಆಮೇಲೆ ಕೇಳು ಅಂತ ಅಲ್ಲಿನ ಮೇಷ್ಟ್ರು ಕೈಸನ್ನೆಯಲ್ಲೇ ಹೇಳಿಕೊಟ್ರು.”

ದೊಡ್ಡ ಡಾಕ್ಟರು ಸುಮ್ಮಸುಮ್ಮನೆ ದೊಡ್ಡವರಾದವರಲ್ಲ. ತಾವೇ ಬಗ್ಗಿ ಅಜ್ಜಿಯ ತೊಡೆ ಹಿಡಿದು ನಿಧಾನ ತಿರುಗಿಸಿದರು. “ಅಯ್ಯಮ್ಮಾ!” ಎಂದರು ಅಜ್ಜಿ. ಸಂಜೆಯೊಳಗೆ ಸೊಂಟದ ಎಕ್ಸ್-ರೇ ಬಂತು. ಮಂಡಿಯ ಸವೆತ ಆ ವಯಸ್ಸಿಗೆ ಇರುವಷ್ಟೇ; ಸೊಂಟದ ಕೀಲು ಪೂರಾ ತೇದುಹೋಗಿತ್ತು.

“ತೊಡೆ ನೋಯುತ್ತೆ ಅಂತ ಮೊದಲೇ ಹೇಳಬಾರದಾಗಿತ್ತೇನಮ್ಮಾ?” ಎಂದ ಮಗ.

“ನೀನೆಲ್ಲಿ ಬಿಟ್ಟೆ ಹೇಳೋಕೆ?”

ದೊಡ್ಡ ಡಾಕ್ಟರು ಸ್ಪಿರಿಟ್ಟಿನ ಹತ್ತಿಯಿಂದ ನೀಲಿ ಗುರುತನ್ನು ತಾವೇ ಒರೆಸಿದರು. “ಚೆನ್ನಾಗಿರೋ ಮಂಡಿಗೆ ಕೈ ಹಾಕ್ತಿದ್ದೆನಲ್ಲಮ್ಮಾ! ಭೇಷ್,” ಎಂದು ಫಾರಿನ್‌ಳ ಬೆನ್ನು ತಟ್ಟಿ, ಇನ್ನೂ ಅಪ್ಪಣೆಗೆ ಕಾದು ನಿಂತಿದ್ದ ಕಿರಿಯ ಡಾಕ್ಟರ ಕಡೆ ತಿರುಗಿದರು. “ನೀನೂ ಹೋಗಿ ಬಾರಪ್ಪ.”

ಅವನ ಮುಖ ಅರಳಿತು. “ಥ್ಯಾಂಕ್ಸ್ ಸರ್! ಹೊರಡೋದ್ರೊಳಗೆ ಅವರ ಭಾಷೆ ಒಂದಿಷ್ಟು ಕಲ್ತುಬಿಡ್ತೀನಿ.”

“ಕಲಿತುಗಿಲಿತುಬಿಟ್ಟೀಯ, ಜೋಕೆ!” ಎಂದರು ದೊಡ್ಡ ಡಾಕ್ಟರು.