ಬಂಗಲೆಯೊಳಗಿನ ದೇವರ ಗೂಡು

ಗ್ಯಾಸ್ ಒಲೆ ಮೇಲಿನ ಚಿಮ್ನಿಯ ಜಿಡ್ಡು ತಿಕ್ಕುತ್ತಿದ್ದೆ. ಹುಮನಾಬಾದಿನ ಹಳೇ ಇಂಗ್ಲಿಷ್ ದೊರೆಯ ಬಂಗಲೆ ಕೆಡವಾಕತ್ತಾರೆಂದು ತಂಗಿಯ ಫೋನ್ ಬಂತು. ಮೂಗಿಗೆ ಆ ನಾತ ಮತ್ತೆ ಬಡಿಯಿತು.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅಲ್ಲಿ ಬಾಡಿಗೆಗೆ ಹೋಗಿದ್ದೆವು. ಪಡಸಾಲೆಯ ಗೋಡೆಯಲ್ಲಿ ಕಮಾನಿನ ಕಲ್ಲುಗೂಡು ಕಂಡು ಅಜ್ಜಿ ಹಿಗ್ಗಿದಳು.

"ದೊರಿ ಆದ್ರೂ ದೇವರಿಗೆ ಜಾಗಾ ಬಿಟ್ಟಾನ ನೋಡವ್ವ!"

ಅಲ್ಲೇ ವೀರಭದ್ರನ ಬೆಳ್ಳಿ ಮುಖವಿಟ್ಟು ಧೂಪ ಹಾಕಿದಳು. ಹೊಗೆ ಏರಿದ್ದೇ ತಡ, ಮೇಲಿಂದ ಮಸಿ, ಹಿಕ್ಕೆ, ಹುಳ ಬಿದ್ದು ನಾರುವ ಸತ್ತ ಬಾವಲಿಯೊಂದು ದೇವರ ಮೇಲೆ ಸುರಿದವು. ನಾನು ಅಲ್ಲೇ ವಾಂತಿ ಮಾಡಿಕೊಂಡೆ.

ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ಓಡಿ ಬಂದಳು. "ಅಯ್ಯ, ಅದು ದೊರಿ ಚಳಿ ಕಾಯಿಸೋ ಒಲಿ ಅದರಿ, ಮ್ಯಾಲ ಚಿಮ್ನಿ ಅದ!"

"ಈ ಬಿಸಿಲ ಊರಾಗ? ಅಂವಗ ಹುಚ್ಚ ಹಿಡಿದಿತ್ತೇನ?" ಎಂದ ಅಜ್ಜಿ ಸೆರಗಿನಿಂದ ಬೆಳ್ಳಿ ಮುಖ ಒರೆಸುತ್ತ ಅತ್ತಳು. "ನಾ ದೇವರಿಗೆ ಒಲ್ಯಾಗ ಕುಂದರಿಸಿದ್ನಲ್ಲವ್ವ!"

ಎಡೆಯ ಹುಗ್ಗಿ ಇನ್ನೂ ಅಡುಗೆಮನೆಯಲ್ಲೇ ಇತ್ತು, ಅಷ್ಟು ಪುಣ್ಯ.

"ಕೆಡವಲಿ ಬಿಡು," ಎಂದು ಫೋನಿಟ್ಟೆ. ಕೈ ಎರಡು ಸಲ ತೊಳೆದು, ದೇವರ ದೀಪಕ್ಕೆ ಬತ್ತಿ ಹೊಸೆಯಲು ಕುಳಿತೆ.